'ಬಿಟ್ಟಿ ಭಾಗ್ಯ' ಅನ್ನಬೇಕೋ, 'ಗ್ಯಾರಂಟಿ' ಅನ್ನಬೇಕೋ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಈ ವರ್ಷ ಅಂತರಕಾಲೇಜು ಚರ್ಚಾಸ್ಪರ್ಧೆಯ ಹೊಣೆ ನನ್ನದು. ವಿಷಯ ಏನಿಡೋಣ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದ್ದೇ ತಡ, ಜಗಳ ಶುರುವಾಯಿತು. ಒಬ್ಬರು 'ಬಿಟ್ಟಿ ಭಾಗ್ಯಗಳಿಂದ ರಾಜ್ಯ ದಿವಾಳಿ' ಎಂದು ಬರೆದುಕೊಟ್ಟರು. ಇನ್ನೊಬ್ಬರು ಅದನ್ನು ಹೊಡೆದುಹಾಕಿ 'ಗ್ಯಾರಂಟಿಗಳು: ಬಡವರ ಬಾಳಿಗೆ ಬೆಳಕು' ಎಂದು ಬರೆದರು. ಎರಡೂ ಬೇಡ ಅಂದೆ. ಒಂದು ಕಡೆಯಿಂದ 'ಗಂಜಿ ಗಿರಾಕಿ', ಇನ್ನೊಂದು ಕಡೆಯಿಂದ 'ಭಕ್ತೆ' ಎಂಬ ಬಿರುದು ಸಿಕ್ಕಿತು. ಪ್ರಿನ್ಸಿಪಾಲರು "ಪದದಲ್ಲೇನಿದೆ ಮೇಡಂ, ಯಾವುದಾದರೂ ಒಂದನ್ನು ಇಡಿ" ಅಂದರು. ನಿಜಕ್ಕೂ ಪದದಲ್ಲೇನೂ ಇಲ್ಲವೇ? ಯಾರ ಪರವೂ ಅಲ್ಲದ ಪದ ಅಂತ ಒಂದಿದೆಯೇ? ಇನ್ನೊಂದು ವಿಷಯ: ಹೋದ ವರ್ಷ ವೇದಿಕೆಯ ಮೇಲೆಯೇ ಒಬ್ಬ ಹುಡುಗನನ್ನು ಎದುರಾಳಿ 'ಅರ್ಬನ್ ನಕ್ಸಲ್' ಎಂದು ಕರೆದ. ಆ ಹುಡುಗ ಮಾತು ನಿಲ್ಲಿಸಿ ಕೆಳಗಿಳಿದುಬಿಟ್ಟ. ಈ ಸಲ ಹಾಗಾಗದಂತೆ ಏನು ಮಾಡಬಹುದು?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು, ಯೋಜನೆಗೆ ಅಂಟಿಸುವ ಹೆಸರು. ಇನ್ನೊಂದು, ಮನುಷ್ಯರಿಗೆ ಅಂಟಿಸುವ ಹೆಸರು. ಇವೆರಡೂ ಕೆಲಸ ಮಾಡುವ ರೀತಿ ಬೇರೆ, ಮದ್ದೂ ಬೇರೆ. ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಪದಗಳನ್ನು ತಿದ್ದಿಯೇ ಹೊಟ್ಟೆ ಹೊರೆದವನು. ಹಾಗಾಗಿ ನನ್ನ ಉತ್ತರದಲ್ಲಿ ಪತ್ರಿಕೆಯ ಮಾತು ಸ್ವಲ್ಪ ಜಾಸ್ತಿ ಬರುತ್ತದೆ.

ಮೊದಲು ಪ್ರಿನ್ಸಿಪಾಲರ ಮಾತು. ಪದದಲ್ಲಿ ಬಹಳ ಇದೆ. ಅಮೆರಿಕದಲ್ಲಿ ಜನರಲ್ ಸೋಶಿಯಲ್ ಸರ್ವೆ ಎಂಬ ದೊಡ್ಡ ಜನಾಭಿಪ್ರಾಯ ಸಮೀಕ್ಷೆ 1972ರಿಂದ ನಡೆಯುತ್ತಿದೆ. 1980ರ ದಶಕದಲ್ಲಿ ಅವರೊಂದು ಪ್ರಯೋಗ ಮಾಡಿದರು. ಸರ್ಕಾರ ಖರ್ಚು ಮಾಡುತ್ತಿರುವುದು ಜಾಸ್ತಿಯಾಯಿತೋ, ಕಡಿಮೆಯಾಯಿತೋ ಎಂಬುದು ಪ್ರಶ್ನೆ. ಕೆಲವರಿಗೆ 'ವೆಲ್‌ಫೇರ್' ಎಂಬ ಪದ ಬಳಸಿ ಕೇಳಿದರು, ಉಳಿದವರಿಗೆ 'ಬಡವರಿಗೆ ನೆರವು' ಎಂದು ಕೇಳಿದರು. ಖರ್ಚು ಸಾಲದು ಎಂದವರು 'ವೆಲ್‌ಫೇರ್' ಕೇಳಿದವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು. 'ಬಡವರಿಗೆ ನೆರವು' ಕೇಳಿದವರಲ್ಲಿ ಹತ್ತಕ್ಕೆ ಆರು ಜನಕ್ಕಿಂತ ಜಾಸ್ತಿ. ಅದೇ ದೇಶ, ಅದೇ ಜನ, ಅದೇ ಖಜಾನೆ.

ಇದನ್ನು ಕೇಳಿ ಜನ ದಡ್ಡರು, ಒಂದು ಪದಕ್ಕೆ ಬುದ್ಧಿ ಮಾರಿಕೊಳ್ಳುತ್ತಾರೆ ಎಂದುಕೊಳ್ಳಬೇಡಿ. ಅದು ಈ ವಿಷಯದಲ್ಲಿರುವ ಮೊದಲ ತಪ್ಪು ನಂಬಿಕೆ. ಅಲ್ಲಿ ಜನರ ತತ್ವ ಬದಲಾಗಿಲ್ಲ, ಕಣ್ಣ ಮುಂದೆ ಬಂದ ಮನುಷ್ಯ ಬದಲಾಗಿದ್ದಾನೆ. 'ವೆಲ್‌ಫೇರ್' ಎಂದಾಗ ದುಡಿಯದೆ ಸರ್ಕಾರದ ಚೆಕ್ಕಿಗೆ ಕಾಯುವವನು ನೆನಪಾಗುತ್ತಾನೆ. 'ಬಡವ' ಎಂದಾಗ ದುಡಿದೂ ಹೊಟ್ಟೆ ತುಂಬದವನು.

ನಮ್ಮಲ್ಲೂ ಅಷ್ಟೇ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಆ ತಿಂಗಳು ಟಿವಿಯಲ್ಲಿ ಬಂದ ದೃಶ್ಯ ನೆನಪಿದೆಯಾ? ಧರ್ಮಸ್ಥಳದ ಬಸ್ಸಿಗೆ ಮುಗಿಬಿದ್ದ ಹೆಂಗಸರು, ಸೀಟಿಗೆ ಜಗಳ. 'ಬಿಟ್ಟಿ' ಅಂದಾಗ ಕಣ್ಣಿಗೆ ಬರುವುದು ಆ ಬಸ್ಸು. 'ಶಕ್ತಿ' ಅಂದಾಗ ಬರುವುದು ಬೆಳಗ್ಗೆ ಏಳಕ್ಕೆ ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್‌ಗೆ ಹೊರಟ ಹೆಂಗಸಿನ ಬಸ್ಸು. ಎರಡೂ ನಿಜ. ಎಷ್ಟೋ ಸಲ ಎರಡೂ ಬಸ್ಸಿನಲ್ಲಿರುವುದು ಒಬ್ಬಳೇ ಹೆಂಗಸು: ಸೋಮವಾರದಿಂದ ಶನಿವಾರ ಕೆಲಸಕ್ಕೆ, ಭಾನುವಾರ ದೇವಸ್ಥಾನಕ್ಕೆ.

ಹೆಸರು ಮಾಡುವ ದೊಡ್ಡ ಕೆಲಸ ಇನ್ನೊಂದಿದೆ. ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಅದು ಮೊದಲೇ ಗೊತ್ತುಮಾಡಿಬಿಡುತ್ತದೆ. 'ಬಿಟ್ಟಿ' ಅಂತ ಶುರು ಮಾಡಿದರೆ ಉಳಿಯುವ ಪ್ರಶ್ನೆ "ಎಷ್ಟು ದಿನ ಹೀಗೆ ಕೊಡುವುದು?" 'ಗ್ಯಾರಂಟಿ' ಅಂತ ಶುರು ಮಾಡಿದರೆ "ಕೊಟ್ಟ ಮಾತು ಉಳಿಸಿಕೊಂಡರಾ?" ನಿಮ್ಮಂಥ ಅರ್ಥಶಾಸ್ತ್ರದವರಿಗೆ ಬೇಕಾದ ಪ್ರಶ್ನೆ ಇವೆರಡೂ ಅಲ್ಲ. ಈ ದುಡ್ಡಿನಿಂದ ಯಾರಿಗೆ ಎಷ್ಟು ಸಿಕ್ಕಿತು, ಅದಕ್ಕಾಗಿ ಯಾವುದು ನಿಂತಿತು? ಆ ಪ್ರಶ್ನೆ ಎರಡು ಪದಗಳ ನಡುವೆ ಬಿದ್ದುಹೋಗುತ್ತದೆ.

ಎರಡನೆಯ ತಪ್ಪು ನಂಬಿಕೆ, ಹೆಸರಿಡುವವರು ಎದುರಿನವರು ಮಾತ್ರ ಎಂಬುದು. ಯೋಜನೆಗೆ ಯಾವ ಸರ್ಕಾರವೂ ಸುಮ್ನೆ ಹೆಸರಿಡುವುದಿಲ್ಲ. ನಮ್ಮ ರಾಜ್ಯದ 'ಭಾಗ್ಯಲಕ್ಷ್ಮಿ' ಜೆಡಿಎಸ್-ಬಿಜೆಪಿ ಸಮ್ಮಿಶ್ರ ಸರ್ಕಾರದ ಕಾಲದ್ದು, 2006-07ರದ್ದು. 2013ರಲ್ಲಿ ಕಾಂಗ್ರೆಸ್ ಸರ್ಕಾರ ಬಂದಮೇಲೆ ಅನ್ನಭಾಗ್ಯ, ಕ್ಷೀರಭಾಗ್ಯ, ಕೃಷಿಭಾಗ್ಯ ಎಂದು ಭಾಗ್ಯಗಳ ಸಾಲೇ ಬಂತು. 'ಬಿಟ್ಟಿ ಭಾಗ್ಯ' ಎಂಬ ಅಣಕ ಹುಟ್ಟಿದ್ದು ಆ ಹೆಸರುಗಳ ಮೇಲೆಯೇ. ಕೇಂದ್ರ ರೈತರಿಗೆ ವರ್ಷಕ್ಕೆ 6,000 ರೂಪಾಯಿ ಕೊಡುತ್ತದೆ, ಅದರ ಹೆಸರಿನಲ್ಲಿ 'ಸಮ್ಮಾನ್' ಇದೆ. ರಾಜ್ಯ ಮನೆಯೊಡತಿಗೆ ತಿಂಗಳಿಗೆ 2,000 ಕೊಡುತ್ತದೆ, ಅವಳು 'ಗೃಹಲಕ್ಷ್ಮಿ'. ಕೊಡುವುದು ದುಡ್ಡೇ. ಹೆಸರು ಮಾತ್ರ ಒಂದು ಕಡೆ ಗೌರವ, ಇನ್ನೊಂದು ಕಡೆ ದೇವಿ.

ಈ ಆಟವನ್ನು ಬಹಳ ಚೆನ್ನಾಗಿ ಬಿಡಿಸಿ ಹೇಳಿದವರು ಯಾರು ಗೊತ್ತಾ? ನರೇಂದ್ರ ಮೋದಿ. 2016ರ ಜನವರಿಯಲ್ಲಿ ದೆಹಲಿಯ ಒಂದು ಉದ್ಯಮ ಸಮಾವೇಶದಲ್ಲಿ ಅವರು ಕೇಳಿದ್ದರು: ರೈತರಿಗೋ ಬಡವರಿಗೋ ಕೊಟ್ಟರೆ ಅದನ್ನು ಸಬ್ಸಿಡಿ ಅನ್ನುತ್ತೇವೆ, ಉದ್ಯಮಕ್ಕೆ ಕೊಟ್ಟರೆ ಇನ್ಸೆಂಟಿವ್ ಅನ್ನುತ್ತೇವೆ, ಯಾಕೆ? ಉಳ್ಳವರಿಗೆ ಹೋಗುವ ಸಬ್ಸಿಡಿಗೆ ಒಳ್ಳೆಯ ಬಣ್ಣ ಯಾಕೆ? ಸರಿಯಾದ ಪ್ರಶ್ನೆ. ಅದೇ ಮೋದಿಯವರು 2022ರ ಜುಲೈನಲ್ಲಿ ಬುಂದೇಲ್‌ಖಂಡ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಲ್ಲಿ 'ರೇವಡಿ ಸಂಸ್ಕೃತಿ', ಅಂದರೆ ಮತಕ್ಕಾಗಿ ಮಿಠಾಯಿ ಹಂಚುವ ರೂಢಿ, ಅಂದರು. ನಡುವೆ, 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ, ವರ್ಷಕ್ಕೆ 1.45 ಲಕ್ಷ ಕೋಟಿ ವರಮಾನ ಕಡಿಮೆಯಾಗುತ್ತದೆ ಎಂದು ಹಣಕಾಸು ಸಚಿವರೇ ಹೇಳಿದ್ದರು. ಅದಕ್ಕೆ ಸರ್ಕಾರದವರು ರೇವಡಿ ಅನ್ನಲಿಲ್ಲ. 'ಉತ್ತೇಜನ' ಅಂದರು. ತೆರಿಗೆ ಇಳಿಸಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಅದರದೇ ವಾದ ಇದೆ. ಆದರೆ ಆ ವಾದವನ್ನು ಮಾಡಿ ಗೆಲ್ಲಬೇಕು, ಹೆಸರಿನಿಂದ ಅಲ್ಲ.

ಇನ್ನೊಂದು ಪಾಳಯವೂ ಹಿಂದೆ ಬಿದ್ದಿಲ್ಲ. ಬ್ಯಾಂಕುಗಳು ದೊಡ್ಡ ಸಾಲಗಳನ್ನು ರೈಟ್-ಆಫ್ ಮಾಡಿದ ಅಂಕಿ ಬಂದಾಗಲೆಲ್ಲ 'ಉದ್ಯಮಿಗಳ ಸಾಲ ಮನ್ನಾ' ಎಂಬ ಪೋಸ್ಟರ್ ಬರುತ್ತದೆ. ರೈಟ್-ಆಫ್ ಮತ್ತು ಮನ್ನಾ ಒಂದಲ್ಲ. ರೈಟ್-ಆಫ್ ಅಂದರೆ ಬ್ಯಾಂಕು ತನ್ನ ಲೆಕ್ಕದ ಪುಸ್ತಕ ಸರಿ ಮಾಡಿಕೊಳ್ಳುವುದು. ಸಾಲಗಾರ ಸಾಲಗಾರನಾಗಿಯೇ ಉಳಿಯುತ್ತಾನೆ, ವಸೂಲಿ ಮುಂದುವರಿಯುತ್ತದೆ. ವಸೂಲಾಗುವುದು ಕಡಿಮೆ ಎಂಬುದು ನಿಜವಾದ ದೂರು, ಗಟ್ಟಿ ದೂರು. ಅದನ್ನೇ ಹೇಳಬಹುದಿತ್ತು. ಆದರೆ ರೈತನ ಸಾಲ ಮನ್ನಾದ ಪಕ್ಕ ಇಟ್ಟರೆ ಸಿಟ್ಟು ಬೇಗ ಬರುತ್ತದೆ, ಅಲ್ವಾ?

ಹಳ್ಳಿಯ ಮಟ್ಟದಲ್ಲೂ ಇದೇ ಕತೆ. ಸಾಗುವಳಿ ಸಕ್ರಮಕ್ಕೆ ಫಾರಂ 57 ಅರ್ಜಿ ಹಾಕಿ ಕಾಯುತ್ತಿರುವವನಿಗೆ ಅದು ಬಗರ್‌ಹುಕುಂ ಸಾಗುವಳಿ. ಬೇಲಿಯಾಚೆಯವನಿಗೆ ಅದೇ ಜಮೀನು ಒತ್ತುವರಿ.

ಹಾಗಿದ್ದರೆ ಇಂಥ ಪದಗಳು ನಮ್ಮ ಬಾಯಿಗೆ ಬರುವುದು ಹೇಗೆ? ಬಹಳ ಸಲ ಪತ್ರಿಕೆಯ ಮೂಲಕವೇ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲ ದಿನ ಒಬ್ಬ ನಾಯಕ 'ಬಿಟ್ಟಿ ಭಾಗ್ಯ' ಅನ್ನುತ್ತಾನೆ. ಹೆಡ್ಡಿಂಗಿನಲ್ಲಿ ಅದು ಕೊಕ್ಕೆಗಳ (ಉದ್ಧರಣ ಚಿಹ್ನೆಗಳ) ನಡುವೆ ಹೋಗುತ್ತದೆ, ಕೆಳಗೆ ಹೇಳಿದವನ ಹೆಸರಿರುತ್ತದೆ. ವಾರದ ನಂತರ ಹೆಸರು ಹೋಗುತ್ತದೆ, ಕೊಕ್ಕೆ ಉಳಿಯುತ್ತದೆ. ತಿಂಗಳ ನಂತರ ಪುಟ ಕಟ್ಟುವ ಹುಡುಗ ಜಾಗ ಸಾಲದೆ ಕೊಕ್ಕೆಯನ್ನೂ ತೆಗೆಯುತ್ತಾನೆ. ಈಗ ಅದು ನಾಯಕನ ಮಾತಲ್ಲ, ಪತ್ರಿಕೆಯ ಮಾತು. ಯಾರೂ ಕೂತು ಹಾಗೆ ತೀರ್ಮಾನ ಮಾಡಿರುವುದಿಲ್ಲ. ಸಿಂಗಲ್ ಕಾಲಂನಲ್ಲಿ 'ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಯೋಜನೆ' ಹಿಡಿಸುವುದಿಲ್ಲ, 'ಬಿಟ್ಟಿ ಭಾಗ್ಯ' ಹಿಡಿಸುತ್ತದೆ. ರಾತ್ರಿ ಹನ್ನೊಂದೂವರೆಗೆ ಪುಟ ಬಿಡುವ ಅವಸರದಲ್ಲಿ ಗೆಲ್ಲುವುದು ಚಿಕ್ಕ ಪದ. ಬೈಗುಳ ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ.

ಕ್ರಿಯಾಪದಗಳ ಕತೆ ಇನ್ನೂ ಮಜವಾಗಿದೆ. ಮೂವರು ಒಂದೇ ವಿಷಯಕ್ಕೆ ಮಾತಾಡಿರುತ್ತಾರೆ. ಒಬ್ಬರು 'ಸ್ಪಷ್ಟಪಡಿಸಿದರು', ಇನ್ನೊಬ್ಬರು 'ಸಮರ್ಥಿಸಿಕೊಂಡರು', ಮತ್ತೊಬ್ಬರು 'ಹರಿಹಾಯ್ದರು'. ಮೊದಲಿನವರು ದೊಡ್ಡವರಾದರು. ಎರಡನೆಯವರ ಮೇಲೆ ಏನೋ ತಪ್ಪಿದೆ ಅನಿಸಿತು. ಮೂರನೆಯವರು ಜಗಳಗಂಟರಾದರು. ಮೂವರೂ ಮಾಡಿದ್ದು 'ಹೇಳಿದರು' ಅಷ್ಟೇ. ನಿಮ್ಮ ವಿದ್ಯಾರ್ಥಿಗಳಿಗೆ ಒಂದು ದಿನದ ಪತ್ರಿಕೆ ಕೊಟ್ಟು ಇಂಥ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಲು ಹೇಳಿ. ಯಾವ ಪತ್ರಿಕೆ ಯಾವ ಕಡೆ ವಾಲುತ್ತದೆ ಎಂದು ಅವರೇ ಹೇಳುತ್ತಾರೆ.

ಇನ್ನು ಯಾರ ಪರವೂ ಅಲ್ಲದ ಪದ ಇದೆಯೇ ಎಂಬ ನಿಮ್ಮ ಪ್ರಶ್ನೆ. ಇದರಲ್ಲಿ ಸುಪ್ರೀಂ ಕೋರ್ಟೇ ಪರದಾಡಿದೆ. ಪ್ರಣಾಳಿಕೆಯ ಭರವಸೆಗಳು ಚುನಾವಣಾ ಭ್ರಷ್ಟಾಚಾರ ಅಲ್ಲ ಎಂದು 2013ರಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಹೇಳಿತು. 2022ರಲ್ಲಿ ಮತ್ತೆ ವಿಷಯ ಬಂದಾಗ ಎದ್ದ ಮೊದಲ ಪ್ರಶ್ನೆಯೇ ಉಚಿತ ಕೊಡುಗೆ ಅಂದರೆ ಯಾವುದು ಎಂಬುದು. ಉಚಿತ ಶಿಕ್ಷಣ ಅದರಲ್ಲಿ ಬರುತ್ತದಾ, ಕುಡಿಯುವ ನೀರು ಬರುತ್ತದಾ? ಕೊನೆಗೆ ಆಗಸ್ಟ್ 26ರಂದು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಕಳಿಸಿತು. ಅದೇ ವರ್ಷ ರಿಸರ್ವ್ ಬ್ಯಾಂಕಿನ ಬುಲೆಟಿನ್‌ನಲ್ಲಿ ಬಂದ ರಾಜ್ಯಗಳ ಹಣಕಾಸಿನ ಲೇಖನವೂ ಇದಕ್ಕೆ ಖಚಿತ ವ್ಯಾಖ್ಯಾನ ಇಲ್ಲ ಎಂದು ಒಪ್ಪಿಕೊಂಡೇ ಮುಂದುವರಿಯಿತು. ಹಾಗಾಗಿ ಆ ಪದಕ್ಕಾಗಿ ನೀವು ಹುಡುಕುತ್ತಾ ಕೂರಬೇಡಿ. ಹೆಸರನ್ನು ಬಿಟ್ಟು ವಸ್ತುವನ್ನೇ ಬಿಡಿಸಿ ಬರೆಯಿರಿ. ಏನು, ಯಾರಿಗೆ, ಎಷ್ಟು, ಯಾರ ದುಡ್ಡು?

'ದಿವಾಳಿ'ಯನ್ನೇ ನೋಡಿ. 2025-26ರ ರಾಜ್ಯ ಬಜೆಟ್ 4.09 ಲಕ್ಷ ಕೋಟಿ. ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51,000 ಕೋಟಿ, ಅಂದರೆ ಎಂಟು ರೂಪಾಯಿಗೆ ಒಂದು. ನಮ್ಮ ವಿತ್ತೀಯ ಹೊಣೆಗಾರಿಕೆ ಕಾಯ್ದೆ 2002ರದ್ದು. ವಿತ್ತೀಯ ಕೊರತೆ (ಆ ವರ್ಷ ಸಾಲದಿಂದ ತುಂಬಬೇಕಾದ ಖರ್ಚು) ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಒಟ್ಟು ಸಾಲದ ಹೊಣೆ ಶೇ 25 ದಾಟಬಾರದು ಎನ್ನುತ್ತದೆ. ಆ ಬಜೆಟ್ಟಿನ ಅಂದಾಜು ಶೇ 2.95 ಮತ್ತು 24.91. ಎರಡೂ ಗೆರೆಯ ಒಳಗಿವೆ, ಆದರೆ ಗೆರೆಗೆ ತಾಗಿಕೊಂಡು ನಿಂತಿವೆ. ಜೊತೆಗೆ 19,000 ಕೋಟಿಗೂ ಮೀರಿದ ವರಮಾನ ಕೊರತೆ ಇದೆ, ಅಂದರೆ ದಿನದ ಖರ್ಚಿಗೂ ಒಂದಷ್ಟು ಸಾಲ. ಇದನ್ನು ದಿವಾಳಿ ಅನ್ನಲಾಗದು. ಎಲ್ಲ ಸುಸೂತ್ರ ಅಂತಲೂ ಹೇಳಲಾಗದು. ಚರ್ಚೆ ಶುರುವಾಗಬೇಕಾದದ್ದು ಇಲ್ಲಿಂದ.

ಹಾಗಂತ ಕಟು ಪದವೆಲ್ಲ ಕೆಟ್ಟದ್ದೇ? ಅಲ್ಲ. 'ಜೀತ' ಕಟು ಪದವೇ. ಊರಿನ ದೊಡ್ಡ ಮನೆಯವರು ಅದನ್ನು 'ನಮ್ಮನೇಲಿ ಇದ್ದಾನೆ' ಅನ್ನುತ್ತಿದ್ದರು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಆ ಸ್ಥಿತಿಗೆ ವ್ಯಾಖ್ಯಾನ ಕೊಟ್ಟಿತು. ಈಗ ಯಾರಾದರೂ 'ಇದು ಜೀತ' ಅಂದರೆ ಹೌದೋ ಅಲ್ಲವೋ ಎಂದು ಪರೀಕ್ಷಿಸಬಹುದು. ಪರೀಕ್ಷೆಗೆ ನಿಲ್ಲುವ ಕಟು ಪದ ಬೇರೆ, ನಿಲ್ಲದ ಕಟು ಪದ ಬೇರೆ.

ಕೆಲವು ಸಲ ಕಟು ಪದ ಹೇಳಿದವರ ಪ್ರಶ್ನೆಯನ್ನೇ ನುಂಗಿಬಿಡುತ್ತದೆ. ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ಪಾಠ 1973ರ ನವೆಂಬರ್‌ನ ಬೂಸಾ ಪ್ರಕರಣ. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಎಂಬರ್ಥದ ಮಾತಾಡಿದರು. ದಲಿತ ಹುಡುಗರು ಇಂಗ್ಲಿಷ್ ಕಲಿಯಬೇಕು ಎಂಬುದು ಅವರ ಮಾತಿನ ತಿರುಳು. ಈ ಸಾಹಿತ್ಯದಲ್ಲಿ ನಮ್ಮ ಬದುಕು ಎಲ್ಲಿದೆ ಎಂಬ ಪ್ರಶ್ನೆ ಅದರ ಹಿಂದಿತ್ತು. ಆದರೆ ಊರೂರಿನ ಕಾಲೇಜುಗಳಲ್ಲಿ ಎದ್ದ ಗಲಾಟೆ ಆ ಪ್ರಶ್ನೆಯ ಮೇಲಲ್ಲ, 'ಬೂಸಾ' ಎಂಬ ಎರಡಕ್ಷರದ ಮೇಲೆ. ಕನ್ನಡಕ್ಕೆ ಅವಮಾನವಾಯಿತೋ ಇಲ್ಲವೋ ಎಂಬುದೇ ಚರ್ಚೆಯಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ಗಲಾಟೆಯಲ್ಲಿ ಪೆಟ್ಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿತು, ಅದೇ ಪ್ರಶ್ನೆಯನ್ನು ಕತೆ ಕವಿತೆಗಳಲ್ಲಿ ಎತ್ತಿತು. ಅಂದರೆ ಆ ಒಂದು ಪದ ಪ್ರಶ್ನೆಯನ್ನು ಮುಚ್ಚಿಯೂ ಹಾಕಿತು, ವರ್ಷಗಳ ಮೇಲೆ ತೆರೆಯಿತು ಕೂಡ. ನಡುವೆ ಬೆಲೆ ತೆತ್ತವರು ಮಾತ್ರ ಆ ಹುಡುಗರು.

ಈಗ ನಿಮ್ಮ ಮುಂದಿರುವ ದಾರಿಗಳು. ಯಾವುದಾದರೂ ಒಬ್ಬ ಸಹೋದ್ಯೋಗಿಯ ವಾಕ್ಯವನ್ನೇ ಇಟ್ಟುಬಿಡಬಹುದು. ಸಭೆ ತುಂಬುತ್ತದೆ, ಚಪ್ಪಾಳೆ ಬೀಳುತ್ತದೆ. ಆದರೆ ಎದುರು ಮಾತಾಡುವ ಹುಡುಗಿಯ ನಾಲ್ಕು ನಿಮಿಷದಲ್ಲಿ ಎರಡು 'ಇದು ಬಿಟ್ಟಿ ಅಲ್ಲ' ಎನ್ನುವುದರಲ್ಲೇ ಹೋಗುತ್ತದೆ. ಸ್ಪರ್ಧೆ ಸಮಬಲದ್ದಲ್ಲ. ಸಪ್ಪೆ ವಿಷಯ ಇನ್ನೊಂದು ದಾರಿ: 'ರಾಜ್ಯದ ಕಲ್ಯಾಣ ಯೋಜನೆಗಳು: ಒಂದು ಅವಲೋಕನ'. ಜಗಳ ಇರುವುದಿಲ್ಲ, ಚರ್ಚೆಯೂ ಇರುವುದಿಲ್ಲ. ಎಲ್ಲರೂ ಪ್ರಬಂಧ ಒಪ್ಪಿಸಿ ಇಳಿಯುತ್ತಾರೆ. ಅಷ್ಟಕ್ಕೂ 'ಕಲ್ಯಾಣ' ಕೂಡ ಒಂದು ಕಡೆ ವಾಲಿದ ಪದವೇ.

ನಾನು ಆರಿಸುವುದು ಬಿಡಿಸಿ ಬರೆದ ವಿಷಯ. ಉದಾಹರಣೆಗೆ, 'ಶಕ್ತಿ ಯೋಜನೆಯ ಹಣವನ್ನು ಹಳ್ಳಿಗಳಿಗೆ ಹೆಚ್ಚು ಬಸ್ ಬಿಡಲು ಬಳಸಿದ್ದರೆ ಮಹಿಳೆಯರಿಗೆ ಹೆಚ್ಚು ಅನುಕೂಲವಾಗುತ್ತಿತ್ತು'. ಇದಕ್ಕೆ ಹೌದು, ಅಲ್ಲ ಎರಡನ್ನೂ ಗಟ್ಟಿಯಾಗಿ ವಾದಿಸಬಹುದು. ಎರಡೂ ಪಕ್ಷದ ಘೋಷಣೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತೊಂದರೆಯೂ ಇದೆ: ಮಕ್ಕಳು ಓದಿಕೊಂಡು ಬರಬೇಕು. ಘೋಷಣೆ ಕೂಗಿ ರೂಢಿಯಾದವರು ತಡವರಿಸುತ್ತಾರೆ. ಹಾಲ್ ಅರ್ಧ ಖಾಲಿಯಾದರೂ ಆಶ್ಚರ್ಯವಿಲ್ಲ.

ಬೇರೆ ಬೇರೆ ಅಭಿಪ್ರಾಯದವರನ್ನು ಮಿಶ್ರ ಗುಂಪಿನಲ್ಲಿ ಮಾತಾಡಿಸುವುದು ಸುಮ್ನೆ ಒಳ್ಳೆಯತನದ ಮಾತಲ್ಲ. 2003ರಲ್ಲಿ ಅಮೆರಿಕದ ರಾಜಕೀಯ ವಿಜ್ಞಾನಿ ಜೇಮ್ಸ್ ಡ್ರಕ್‌ಮನ್ ಮತ್ತು ಅವರ ಜೊತೆಗಾರರೊಬ್ಬರು ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ರೀತಿಯ ವಿವರಣೆ ಓದಿದವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸಿದಾಗ ಪದಗಳ ಪ್ರಭಾವ ಇಳಿದುಹೋಗಿತ್ತು. ಒಂದೇ ವಿವರಣೆ ಓದಿದವರು ತಮ್ಮತಮ್ಮಲ್ಲೇ ಮಾತಾಡಿದಾಗ ಇಳಿಯಲಿಲ್ಲ. ನಮ್ಮ ವಾಟ್ಸ್ಆ್ಯಪ್ ಗುಂಪುಗಳು ಎರಡನೆಯ ಜಾತಿಯವು. ಹಾಗಾಗಿ ತಂಡದ ಪರ-ವಿರೋಧವನ್ನು ಅವರವರ ಇಷ್ಟಕ್ಕೆ ಬಿಡಬೇಡಿ, ಚೀಟಿ ಎತ್ತಿಸಿ.

ಮನುಷ್ಯರಿಗೆ ಅಂಟಿಸುವ ಹೆಸರಿನ ಮಾತಿಗೆ ಬರುತ್ತೇನೆ. ಯೋಜನೆಗೆ ಕೆಟ್ಟ ಹೆಸರಿಟ್ಟರೆ ಯೋಜನೆ ಅಳುವುದಿಲ್ಲ. 'ಅರ್ಬನ್ ನಕ್ಸಲ್' ಅನಿಸಿಕೊಂಡ ಹುಡುಗ ಏನು ಉತ್ತರ ಕೊಡಬೇಕು? 'ನಾನಲ್ಲ' ಅಂದರೆ ಆ ಪದವನ್ನು ಸಭೆ ಇನ್ನೊಂದು ಸಲ ಕೇಳಿತು, ಅಷ್ಟೇ. ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಯಾಕೆಂದರೆ ಆ ಪದಕ್ಕೆ ವ್ಯಾಖ್ಯಾನವೇ ಇಲ್ಲ. 'ತುಕ್ಡೆ ತುಕ್ಡೆ ಗ್ಯಾಂಗ್' (ದೇಶ ತುಂಡರಿಸುವ ಗುಂಪು ಎಂಬ ಬೈಗುಳ) ಬಗ್ಗೆ ಯಾರೋ ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ತನ್ನ ಬಳಿ ಮಾಹಿತಿ ಇಲ್ಲ ಎಂದು ಕೇಂದ್ರ ಗೃಹ ಸಚಿವಾಲಯ 2020ರ ಜನವರಿಯಲ್ಲಿ ಉತ್ತರಿಸಿತು. ವ್ಯಾಖ್ಯಾನ ಇಲ್ಲದ ಆರೋಪಕ್ಕೆ ಖುಲಾಸೆಯೂ ಇಲ್ಲ. 'ಭಕ್ತ', 'ಗುಲಾಮ' ಎಂಬವೂ ಹೀಗೆಯೇ. ಎದುರಿನವನು ಹೇಳಿದ್ದನ್ನು ಕೇಳಬೇಕಾಗಿಲ್ಲ ಎನ್ನುವುದಕ್ಕೆ ಇವು ಪರವಾನಗಿ.

ಕೆಲವರು ಹೆಸರನ್ನು ಎತ್ತಿ ತಾವೇ ಕೊರಳಿಗೆ ಹಾಕಿಕೊಂಡಿದ್ದಾರೆ. 2018ರ ಸೆಪ್ಟೆಂಬರ್ 5ರಂದು, ಗೌರಿ ಲಂಕೇಶ್ ಹತ್ಯೆಯಾಗಿ ವರ್ಷ ತುಂಬಿದ ದಿನ, ಗಿರೀಶ ಕಾರ್ನಾಡರು ಬೆಂಗಳೂರಿನಲ್ಲಿ 'ನಾನೂ ಅರ್ಬನ್ ನಕ್ಸಲ್' ಎಂಬರ್ಥದ ಫಲಕ ಹಾಕಿಕೊಂಡು ಕೂತಿದ್ದರು. ಮರುವರ್ಷ 'ಚೌಕೀದಾರ್ ಚೋರ್' ಎಂಬ ರಾಹುಲ್ ಗಾಂಧಿ ಘೋಷಣೆಗೆ ಬಿಜೆಪಿಯವರು 'ನಾನೂ ಚೌಕೀದಾರ್' ಎನ್ನುತ್ತಾ ತಮ್ಮ ಹೆಸರಿಗೆ 'ಚೌಕೀದಾರ್' ಸೇರಿಸಿಕೊಂಡರು. ಹೆಸರಿದ್ದವರಿಗೆ, ಹಿಂದೆ ಪಕ್ಷ ಇದ್ದವರಿಗೆ ಈ ಉಪಾಯ ಸರಿ. ಹತ್ತೊಂಬತ್ತು ವರ್ಷದ ಹುಡುಗನಿಗೆ ಇದನ್ನು ಹೇಳಿಕೊಡಬೇಡಿ. ಕಾರ್ನಾಡರ ಮೇಲೂ ದೂರು ದಾಖಲಾಯಿತು.

ನಿಷೇಧಿತ ಪದಗಳ ಪಟ್ಟಿ ಮಾಡುವ ಆಸೆ ಬರಬಹುದು. ಬೇಡ. 2022ರ ಜುಲೈನಲ್ಲಿ ಲೋಕಸಭಾ ಸಚಿವಾಲಯದ ಅಸಂಸದೀಯ ಪದಗಳ ಪುಸ್ತಿಕೆ ಬಂದಾಗ 'ಜುಮ್ಲಾಜೀವಿ' (ಪೊಳ್ಳು ಭರವಸೆಯಲ್ಲೇ ಬದುಕುವವನು) ಅದರಲ್ಲಿದೆ ಎಂಬುದೇ ದೇಶದ ಸುದ್ದಿಯಾಯಿತು. ಯಾವ ಪದವನ್ನೂ ನಿಷೇಧಿಸಿಲ್ಲ ಎಂದು ಸ್ಪೀಕರ್ ಹೇಳಬೇಕಾಯಿತು. ಪಟ್ಟಿ ಮಾಡಿದಷ್ಟೂ ಹೊಸ ಪದ ಹುಟ್ಟುತ್ತದೆ. 'ಬುದ್ಧಿಜೀವಿ'ಯನ್ನು 'ಲದ್ದಿಜೀವಿ' ಮಾಡಲು ಎಷ್ಟು ಹೊತ್ತು ಬೇಕಾಯಿತು?

ಬದಲಿಗೆ ಎರಡು ನಿಯಮ ಸಾಕು, ಸ್ಪರ್ಧೆಗೆ ಮೊದಲೇ ಓದಿ ಹೇಳಿ. ಎದುರಾಳಿಗೆ ಹೆಸರಿಟ್ಟರೆ ಅಂಕ ಹೋಗುತ್ತದೆ, ಯಾವ ಹೆಸರಾದರೂ ಸರಿ, ಯಾವ ಪಕ್ಷದ್ದಾದರೂ ಸರಿ. ಯೋಜನೆಗೋ ನೀತಿಗೋ ಕಟು ಪದ ಬಳಸಿದರೆ ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ಹೇಳಬೇಕು, ಅದೇ ಅರ್ಥ ತನ್ನ ಪಕ್ಷದ ಯೋಜನೆಗೂ ಹೊಂದುತ್ತದಾ ಎಂದು ಎದುರಾಳಿ ಕೇಳಬಹುದು. 'ಬಿಟ್ಟಿ ಅಂದರೆ ದುಡಿಯದೆ ಸಿಗುವ ಸರ್ಕಾರದ ದುಡ್ಡು' ಅಂದವನು ಕಿಸಾನ್ ಸಮ್ಮಾನ್‌ಗೂ ಉತ್ತರ ಕೊಡಬೇಕು. 'ಗ್ಯಾರಂಟಿ ಅಂದರೆ ಹಕ್ಕು' ಅಂದವಳು, ನಿರುದ್ಯೋಗ ಭತ್ಯೆ ಕೊಡುವ ಯುವನಿಧಿ ಎರಡು ವರ್ಷಕ್ಕೆ ನಿಲ್ಲುವುದು ಯಾಕೆ ಎಂಬುದಕ್ಕೆ. ಹೆಸರಿಟ್ಟಾಗ ನಿಲ್ಲಿಸುವ ಕೆಲಸ ಅಧ್ಯಕ್ಷತೆ ವಹಿಸಿದವರದ್ದು, ಹೆಸರಿಡಿಸಿಕೊಂಡ ಹುಡುಗನದ್ದಲ್ಲ. ಗಂಟೆ ಬಾರಿಸಿ, "ಅವರು ಹೇಳಿದ ಯಾವ ಮಾತಿಗೆ ನಿಮ್ಮ ಆಕ್ಷೇಪ?" ಎಂದು ಕೇಳಿ ಸಮಯ ಮುಂದುವರಿಸಿದರೆ ಸಾಕು. ಆ ಹುಡುಗ ಈ ವರ್ಷವೂ ನಿಮ್ಮ ಕಾಲೇಜಿನಲ್ಲೇ ಇದ್ದರೆ, ಸಭೆಯ ಮುಂದೆ ಅಲ್ಲ, ಒಬ್ಬನೇ ಸಿಕ್ಕಾಗ ಅವನಿಗೂ ಇದನ್ನು ಹೇಳಿ: ಹೆಸರನ್ನು ಬಿಟ್ಟು, ತನ್ನ ವಾದದ ಮುಂದಿನ ವಾಕ್ಯಕ್ಕೆ ಹೋಗಬಹುದು.

ತಂಡಗಳಿಗೆ ಅಂಕಿಗಳು ಬೇಕಲ್ಲ, ಅದಕ್ಕೆ ರಾಜ್ಯ ಹಣಕಾಸು ಇಲಾಖೆ ಬಜೆಟ್ ಜೊತೆ ಪ್ರಕಟಿಸುವ ಮಧ್ಯಮಾವಧಿ ವಿತ್ತೀಯ ಯೋಜನೆಯನ್ನು ನೋಡಿ. ಕೊರತೆ, ಸಾಲ, ಸಬ್ಸಿಡಿ ಎಲ್ಲ ಅದರಲ್ಲೇ ಇರುತ್ತದೆ. ಬೇಕಾದ ನಾಲ್ಕೈದು ಪುಟ ಜೆರಾಕ್ಸ್ ಮಾಡಿಸಿ ಎಲ್ಲ ತಂಡಗಳಿಗೂ ಒಂದೇ ಪ್ರತಿ ಕೊಡಿ, ಸ್ಪರ್ಧೆಗೆ ಒಂದು ವಾರ ಮೊದಲು.